ಅಮಲಿಗೊಂದು ಅಳತೆ

ಮದ್ಯದ ಚರಿತ್ರೆ ಬೇಸಾಯದ ಚರಿತ್ರೆಯಷ್ಟೇ ಪುರಾತನವಾದುದು. ಮೋಟಾರು ಬಂಡಿಯ ಚರಿತ್ರೆಗಾದರೋ ಇನ್ನೂ ಒಂದೂವರೆ ಶತಮಾನ ತುಂಬಿಲ್ಲ. ಇವೆರಡೂ ಒಂದೇ ಕೈಗೆ ಸೇರಿದರೆ ಏನಾಗುವುದೆಂಬುದನ್ನು ಇಂದು ಯಾರಿಗೂ ಬೋಧಿಸಬೇಕಾಗಿಲ್ಲ. ದಿನಪತ್ರಿಕೆಯ ಒಳಪುಟವೇ ಅದನ್ನು ದಿನವೂ ಹೇಳುತ್ತದೆ. ಆದರೆ ಈಗ ಇಷ್ಟು ಸ್ಪಷ್ಟವಾಗಿ ತೋರುವ ಈ ಸಂಗತಿಯನ್ನು ಲೋಕವು ಒಪ್ಪಿಕೊಂಡುದು ಬಹು ನಿಧಾನವಾಗಿ. 'ಈ ಚಾಲಕನು ಕುಡಿದು ಮತ್ತನಾಗಿದ್ದಾನೆಯೇ?' ಎಂಬ ಪ್ರಶ್ನೆಯನ್ನು ಬಿಟ್ಟು, 'ಈತನ ರಕ್ತದಲ್ಲಿ ಮದ್ಯ ಎಷ್ಟಿದೆ?' ಎಂಬ ಪ್ರಶ್ನೆಯನ್ನು ಕೇಳಲು ಕಾನೂನಿಗೆ ಅರುವತ್ತಕ್ಕೂ ಹೆಚ್ಚು ವರ್ಷ ಹಿಡಿಯಿತು. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡುವುದು ನೋಡಿದವರ ಕಣ್ಣು. ಎರಡನೆಯದಕ್ಕೆ ಉತ್ತರ ಕೊಡುವುದು ರಸಾಯನಶಾಸ್ತ್ರ. ಈ ಎರಡು ಪ್ರಶ್ನೆಗಳ ನಡುವಣ ದಾರಿಯನ್ನೇ ನಾವು ಇಲ್ಲಿ ವಿವರಿಸಹೊರಟಿದ್ದೇವೆ.

ಆರಂಭವನ್ನು ಇಂಗ್ಲೆಂಡಿನಲ್ಲಿ ಹುಡುಕಬೇಕಾಗುತ್ತದೆ. ನಮ್ಮ ದೇಶದ ವಾಹನ ಕಾನೂನು ಅಲ್ಲಿಯ ಕಾನೂನಿನ ಮಾತುಗಳಲ್ಲಿಯೇ ಬರೆಯಲ್ಪಟ್ಟಿತು. 1872ರಲ್ಲಿ ಅಲ್ಲಿ ಮದ್ಯದಂಗಡಿಗಳ ಪರವಾನಗಿಗೆ ಸಂಬಂಧಿಸಿದ ಒಂದು ಶಾಸನವಾಯಿತು. ರಾಜಮಾರ್ಗದಲ್ಲಿ ಬಂಡಿ, ಕುದುರೆ, ದನಕರು ಅಥವಾ ಉಗಿಯಂತ್ರವು ತನ್ನ ವಶದಲ್ಲಿರುವಾಗ ಮತ್ತನಾಗಿರುವವನಿಗೆ ನಾಲ್ವತ್ತು ಶಿಲ್ಲಿಂಗಿನವರೆಗೆ ದಂಡವನ್ನಾಗಲಿ ಒಂದು ತಿಂಗಳವರೆಗೆ ಸೆರೆವಾಸವನ್ನಾಗಲಿ ಅದರ ಹನ್ನೆರಡನೆಯ ಕಲಮು ವಿಧಿಸಿತು. ದನಕರುವನ್ನೂ ಉಗಿಯಂತ್ರವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಪಟ್ಟಿಯನ್ನು ಕಂಡು ವಿದ್ಯಾರ್ಥಿಗಳಿಗೆ ನಗು ಬಂದೀತು. ಆದರೆ ಆ ಕಾಲಕ್ಕೆ ಅದು ಸಹಜವೇ ಆಗಿದ್ದಿತು. ಕುಡಿದವನು ಊರಿನ ಶಾಂತಿಯನ್ನು ಕೆಡಿಸುವವನೆಂಬುದು ಅಂದಿನ ಭಾವನೆ. ಆತನ ಕೈಯಲ್ಲಿ ಲಗಾಮಿತ್ತೋ ಹಗ್ಗವಿತ್ತೋ ಎಂಬುದು ಎರಡನೆಯ ಮಾತು.

ಇಲ್ಲಿ ನಾವು ಮರೆಯಬಾರದ ಸಂಗತಿಯೊಂದುಂಟು. ಪ್ರಾಣಿ ಎಳೆಯುವ ಬಂಡಿಯಲ್ಲಿ ಬುದ್ಧಿ ಎರಡು ಕಡೆ ಇರುತ್ತದೆ. ಸಂತೆ ಮುಗಿಸಿ ಹೆಂಡದಂಗಡಿಗೂ ಹೋಗಿಬಂದು ಗಾಡಿಯಲ್ಲಿ ಒರಗಿದ ಯಜಮಾನನನ್ನು ಎತ್ತುಗಳು ತಾವಾಗಿಯೇ ಮನೆಯ ಬಾಗಿಲಿಗೆ ತಂದು ನಿಲ್ಲಿಸಿದ ಕಥೆ ನಮ್ಮ ಹಳ್ಳಿಗಳಲ್ಲಿ ಯಾವ ಮುದುಕರನ್ನು ಕೇಳಿದರೂ ಸಿಕ್ಕೀತು. ಹಳ್ಳ ಕಂಡರೆ ಎತ್ತು ನಿಲ್ಲುತ್ತದೆ. ಎದುರು ಗಾಡಿ ಬಂದರೆ ಪಕ್ಕಕ್ಕೆ ಸರಿಯುತ್ತದೆ. ಮೋಟಾರಿಗೆ ಈ ಗುಣವಿಲ್ಲ. ಅದರಲ್ಲಿರುವ ಬುದ್ಧಿಯೆಲ್ಲ ಚಾಲಕನದು. ಆತನು ಕಳೆದುಕೊಂಡಷ್ಟನ್ನು ಅದು ತುಂಬಿಕೊಡಲಾರದು. ಕುಡಿತದ ಹಳೆಯ ಪಾಪವು ಹೊಸ ಅಪಾಯವಾಗಿ ಮಾರ್ಪಟ್ಟುದು ಈ ಒಂದು ಕಾರಣದಿಂದ.

ಈ ಮಾರ್ಪಾಟು ನ್ಯಾಯಾಲಯದ ಮುಂದೆ ಮೊದಲು ಬಂದುದು 1897ರ ಸೆಪ್ಟೆಂಬರಿನಲ್ಲಿ. ಲಂಡನ್ನಿನಲ್ಲಿ ಆ ವರ್ಷ ವಿದ್ಯುತ್ತಿನಿಂದ ಓಡುವ ಬಾಡಿಗೆ ಬಂಡಿಗಳು ಹೊಸದಾಗಿ ಬಂದಿದ್ದುವು. ಜಾರ್ಜ್ ಸ್ಮಿತ್ ಎಂಬ ಇಪ್ಪತ್ತೈದು ವರ್ಷದ ಚಾಲಕನು ಅಂಥದೊಂದು ಬಂಡಿಯನ್ನು ನ್ಯೂ ಬಾಂಡ್ ಬೀದಿಯ ಕಟ್ಟಡವೊಂದಕ್ಕೆ ನುಗ್ಗಿಸಿದನು. ಎರಡು ಮೂರು ಲೋಟ ಬಿಯರು ಕುಡಿದಿದ್ದುದಾಗಿ ಆತನು ಒಪ್ಪಿಕೊಂಡನು. ಅಲ್ಪ ದಂಡವನ್ನು ತೆತ್ತು ಹೊರಬಂದನು. ಕುಡಿದು ಮೋಟಾರು ನಡೆಸಿ ಶಿಕ್ಷೆ ಹೊಂದಿದವರಲ್ಲಿ ಈತನೇ ಮೊದಲಿಗನೆಂದು ಚರಿತ್ರೆ ಹೇಳುತ್ತದೆ. ಓಡಿಹೋಗುವ ಕುದುರೆಯನ್ನು ಹಿಡಿದು ನಿಲ್ಲಿಸುವುದು ಪೊಲೀಸರಿಗೆ ಚೆನ್ನಾಗಿ ಗೊತ್ತು, ಮೋಟಾರನ್ನು ನಿಲ್ಲಿಸುವುದು ಬೇರೆಯೇ ವಿಷಯ ಎಂಬರ್ಥದ ಮಾತನ್ನು ಮ್ಯಾಜಿಸ್ಟ್ರೇಟರು ಆ ದಿನ ಆಡಿದರು. ಮುಂದಿನ ನೂರು ವರ್ಷದ ಕಥೆಯೆಲ್ಲ ಆ ಒಂದು ಮಾತಿನಲ್ಲಿ ಅಡಗಿದ್ದಿತೆಂದು ನಮಗನ್ನಿಸುತ್ತದೆ.

ಏಳು ವರ್ಷ ಕಳೆದು, 1904ರಲ್ಲಿ, ಕುಡಿತದ ರೋಗಗಳಿಗಾಗಿಯೇ ಮೀಸಲಾಗಿದ್ದ ಅಮೆರಿಕದ ತ್ರೈಮಾಸಿಕವೊಂದು ಮೋಟಾರಿನ ಇಪ್ಪತ್ತೈದು ಮಾರಕ ಅಪಘಾತಗಳ ವೃತ್ತಾಂತವನ್ನು ಪ್ರಕಟಿಸಿತು. ಆ ಇಪ್ಪತ್ತೈದರಲ್ಲಿ ಹತ್ತೊಂಬತ್ತು ಅಪಘಾತಗಳ ಚಾಲಕರು ಸ್ವಲ್ಪ ಹೊತ್ತಿನ ಮುಂಚೆ ಮದ್ಯ ಸೇವಿಸಿದ್ದರೆಂದು ವಿಚಾರಣೆಯಿಂದ ತಿಳಿದುಬಂದಿತ್ತು. ಕುಡಿತಕ್ಕೂ ಮೋಟಾರು ಅಪಘಾತಕ್ಕೂ ಇರುವ ಸಂಬಂಧವನ್ನು ಎಣಿಸಿ ತೋರಿಸಿದ ಮೊದಲ ಬರಹಗಳಲ್ಲಿ ಇದೊಂದು. ಆದರೆ ಆ ಎಣಿಕೆಯಲ್ಲೊಂದು ಕೊರತೆಯಿದ್ದಿತು. ಅಪಘಾತಕ್ಕೆ ಸಿಕ್ಕವರಲ್ಲಿ ಎಷ್ಟು ಮಂದಿ ಕುಡಿದಿದ್ದರೆಂದು ಅದು ಹೇಳಿತು. ಸುಖವಾಗಿ ಮನೆ ಸೇರಿದವರಲ್ಲಿ ಎಷ್ಟು ಮಂದಿ ಕುಡಿದಿದ್ದರೆಂದು ಹೇಳಲಿಲ್ಲ. ಎರಡನ್ನೂ ತೂಗಿ ನೋಡದೆ ಕುಡಿತದ ಮೇಲೆ ತಪ್ಪು ಹೊರಿಸಲು ಬರುವುದಿಲ್ಲ. ಈ ತೂಕಕ್ಕಾಗಿ ಲೋಕವು ಮೂವತ್ತನಾಲ್ಕು ವರ್ಷ ಕಾಯಬೇಕಾಯಿತು.

ಅಷ್ಟರಲ್ಲಿ ನ್ಯಾಯಾಲಯಗಳು ಏನು ಮಾಡುತ್ತಿದ್ದುವು? ಹಿಡಿದು ತಂದ ಚಾಲಕನನ್ನು ಪೊಲೀಸು ಠಾಣೆಯಲ್ಲಿ ವೈದ್ಯರು ಪರೀಕ್ಷಿಸುತ್ತಿದ್ದರು. ನೆಲದ ಮೇಲೆ ಬಳಪದಿಂದ ಗೆರೆಯೆಳೆದು ಅದರ ಮೇಲೆ ನಡೆಯಿಸುವರು, ಕಣ್ಣು ಮುಚ್ಚಿ ನಿಲ್ಲಿಸುವರು, ಹೆಸರು ಬರೆಯಿಸುವರು, 'ಬ್ರಿಟಿಷ್ ಕಾನ್‌ಸ್ಟಿಟ್ಯೂಷನ್' ಎಂಬಂಥ ನಾಲಗೆ ತೊಡರುವ ಪದಗಳನ್ನು ನುಡಿಯಹೇಳುವರು. ನಮ್ಮಲ್ಲಿ ಮಕ್ಕಳ ನಾಲಗೆಯನ್ನು ಪರೀಕ್ಷಿಸಲು ತರೀಕೆರೆಯ ಕುರಿಮರಿಗಳನ್ನು ಕರೆತರುವುದಿಲ್ಲವೆ, ಹಾಗೆ. ಮೂಗಿಗೆ ಬಡಿದ ವಾಸನೆ, ಕೆಂಪಾದ ಕಣ್ಣು, ತಡವರಿಸಿದ ಹೆಜ್ಜೆ ಇವೇ ಸಾಕ್ಷ್ಯ. ಈ ಪರೀಕ್ಷೆಯಿಂದ ಪೂರಾ ಮತ್ತನಾದವನನ್ನು ಹಿಡಿಯಬಹುದು. ಆದರೆ ಅಭ್ಯಾಸವಾಗಿ ಕುಡಿಯುವವನು ಗೆರೆಯ ಮೇಲೆ ನೆಟ್ಟಗೆ ನಡೆದಾನು. ಎಂದೂ ಕುಡಿಯದ ಮುದುಕನೊಬ್ಬನು ಭಯದಿಂದ ತಡವರಿಸಿಯಾನು. ಆಪಾದಿತನ ಪರವಾಗಿ ಮತ್ತೊಬ್ಬ ವೈದ್ಯರು ಬಂದು ಇದಕ್ಕೆ ವಿರುದ್ಧವಾದ ಅಭಿಪ್ರಾಯವನ್ನು ಕೊಡುವರು. ತೀರ್ಪು ಹೇಳಬೇಕಾದ ಪಂಚರೂ ಒಂದೆರಡು ಲೋಟ ಕುಡಿದು ಬಂಡಿ ನಡೆಸಿಕೊಂಡು ಮನೆಗೆ ಹೋಗುವವರೇ; ಅಂಥವರಿಗೆ ಕಟಕಟೆಯಲ್ಲಿ ನಿಂತವನ ಮೇಲೆ ಅನುಕಂಪ ಹುಟ್ಟಿದರೆ ಆಶ್ಚರ್ಯವೇನು? ಬ್ರಿಟನ್ನಿನ 1930ರ ರಸ್ತೆ ಶಾಸನವು 'ವಾಹನದ ಮೇಲೆ ತಕ್ಕ ಹತೋಟಿಯಿಡಲಾರದಷ್ಟು' ಕುಡಿದಿರುವುದನ್ನು ಅಪರಾಧವೆಂದಿತು. ತಕ್ಕ ಹತೋಟಿಯೆಂದರೆ ಯಾವುದು, ಎಷ್ಟು ಎಂಬುದು ಮಾತ್ರ ಮತ್ತೆ ಕಣ್ಣಿನ ವಿಷಯವಾಗಿಯೇ ಉಳಿಯಿತು.

ಕಣ್ಣಿನ ಕೈಯಿಂದ ಈ ಅಧಿಕಾರವನ್ನು ಕಿತ್ತುಕೊಂಡವರಲ್ಲಿ ಅಗ್ರಗಣ್ಯನು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾನಿಲಯದ ಎರಿಕ್ ವಿಡ್‌ಮಾರ್ಕ್. ವೈದ್ಯಕೀಯ ರಸಾಯನಶಾಸ್ತ್ರದ ಈ ಪ್ರಾಧ್ಯಾಪಕನು 1922ರಲ್ಲಿ ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಿಂದ ಅದರಲ್ಲಿರುವ ಮದ್ಯಸಾರವನ್ನು ಅಳೆಯುವ ವಿಧಾನವನ್ನು ಕಂಡುಹಿಡಿದನು. ಇದರ ತತ್ತ್ವವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೂ ತಿಳಿಯುವಂಥದು. ಗಂಧಕಾಮ್ಲದಲ್ಲಿ ಕರಗಿಸಿದ ಪೊಟ್ಯಾಸಿಯಂ ಡೈಕ್ರೋಮೇಟು ಕಿತ್ತಳೆ ಬಣ್ಣದ್ದು. ಮದ್ಯಸಾರದ ಆವಿ ತಗುಲಿದರೆ ಅದು ಮದ್ಯಸಾರಕ್ಕೆ ಆಮ್ಲಜನಕವನ್ನು ಕೊಟ್ಟು ತಾನು ಹಸಿರಿಗೆ ತಿರುಗುತ್ತದೆ. ಎಷ್ಟು ಡೈಕ್ರೋಮೇಟು ಖರ್ಚಾಯಿತೆಂಬುದನ್ನು ಲೆಕ್ಕ ಹಾಕಿದರೆ ಎಷ್ಟು ಮದ್ಯಸಾರವಿತ್ತೆಂಬುದು ತಾನಾಗಿ ತಿಳಿಯುತ್ತದೆ. ಇಲ್ಲಿ ವಾಸನೆಯ ಮಾತಿಲ್ಲ, ಹೆಜ್ಜೆಯ ಮಾತಿಲ್ಲ.

ವಿಡ್‌ಮಾರ್ಕನು ಇಷ್ಟಕ್ಕೇ ನಿಲ್ಲಲಿಲ್ಲ. ಕುಡಿದ ಮದ್ಯವು ದೇಹದಲ್ಲಿ ಹೇಗೆ ಹರಡುತ್ತದೆ, ಎಷ್ಟು ವೇಗವಾಗಿ ಇಳಿಯುತ್ತದೆ ಎಂಬುದನ್ನೂ ಅಳೆದು 1932ರಲ್ಲಿ ಗ್ರಂಥವಾಗಿ ಪ್ರಕಟಿಸಿದನು. ಆತನ ಲೆಕ್ಕವನ್ನು ಒಂದು ಉದಾಹರಣೆಯಿಂದ ಬಿಡಿಸಿ ನೋಡೋಣ. ಉಪಾಧ್ಯಾಯರು ಇದನ್ನು ತರಗತಿಯಲ್ಲಿ ಕರಿಹಲಗೆಯ ಮೇಲೆ ಮಾಡಿ ತೋರಿಸಬಹುದು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಮಾರುವ ವಿಸ್ಕಿ, ಬ್ರಾಂದಿಗಳಲ್ಲಿ ಗಾತ್ರದ ಲೆಕ್ಕಕ್ಕೆ ಶೇಕಡಾ 42.8 ಭಾಗ ಮದ್ಯಸಾರವಿರುತ್ತದೆ. ಅಂಗಡಿಗಳಲ್ಲಿ 'ಕ್ವಾರ್ಟರು' ಎನ್ನುವ 180 ಮಿಲಿಲೀಟರಿನ ಸೀಸೆಯಲ್ಲಿ ಸುಮಾರು 77 ಮಿಲಿಲೀಟರು, ತೂಕದಲ್ಲಿ ಸುಮಾರು 61 ಗ್ರಾಂ ಶುದ್ಧ ಮದ್ಯಸಾರ ಆಯಿತು. ಅದು ರಕ್ತದಲ್ಲಿ ಮಾತ್ರವಲ್ಲ, ದೇಹದ ನೀರಿನಂಶದಲ್ಲೆಲ್ಲ ಹರಡುತ್ತದೆ. ಆದುದರಿಂದ ಗಂಡಸಿನ ತೂಕವನ್ನು ಸುಮಾರು 0.7ರಿಂದ ಗುಣಿಸಿ ಆ ಗುಣಲಬ್ಧದಿಂದ ಭಾಗಿಸಬೇಕು. ಅರುವತ್ತು ಕಿಲೋ ತೂಕದವನಿಗೆ ಭಾಜಕ 42. ಭಾಗಿಸಿದರೆ ಬರುವುದು ಲೀಟರಿಗೆ 1.45 ಗ್ರಾಂ, ಎಂದರೆ ನೂರು ಮಿಲಿಲೀಟರು ರಕ್ತದಲ್ಲಿ 145 ಮಿಲಿಗ್ರಾಂ. ದೇಹವು ಇದನ್ನು ಗಂಟೆಗೆ ಸುಮಾರು 15 ಮಿಲಿಗ್ರಾಂನಂತೆ ಕರಗಿಸುತ್ತದೆ. ಮಜ್ಜಿಗೆ ಕುಡಿದರೂ ಅಷ್ಟೆ, ಕಾಫಿ ಕುಡಿದರೂ ಅಷ್ಟೆ, ತಲೆಯ ಮೇಲೆ ತಣ್ಣೀರು ಹೊಯ್ದುಕೊಂಡರೂ ಅಷ್ಟೆ. ಆ ಮನುಷ್ಯನು ರಾತ್ರಿ ಹತ್ತಕ್ಕೆ ಕುಡಿದು ಮಲಗಿ, ಬೆಳಗಿನ ಐದಕ್ಕೆ ಎದ್ದು ಮುಖ ತೊಳೆದು ಬಸ್ಸಿನ ಚಾಲಕಪೀಠದಲ್ಲಿ ಕುಳಿತನೆನ್ನಿ. ಏಳು ಗಂಟೆಯಲ್ಲಿ ಕರಗಿದುದು 105, ಉಳಿದುದು 40. ನಮ್ಮ ದೇಶದ ಕಾನೂನು ಸಹಿಸುವ ಮಿತಿ 30. ಆತನ ಬಾಯಲ್ಲಿ ವಾಸನೆಯಿಲ್ಲದಿರಬಹುದು, ಹೆಜ್ಜೆ ನೆಟ್ಟಗಿರಬಹುದು. ಕುಡಿದವನೆಂದು ಆತನನ್ನು ಕರೆದರೆ ಆತನೇ ಸಿಟ್ಟಾದಾನು. ಇದು ಸರಾಸರಿಯ ಲೆಕ್ಕವೇ ಸರಿ. ಒಬ್ಬೊಬ್ಬರ ದೇಹ ಒಂದೊಂದು ಬಗೆ. ಆದರೂ ಕಣ್ಣಿಗೆ ಕಾಣದುದನ್ನು ಅಂಕೆಯು ಹೇಗೆ ಕಾಣಿಸಿತೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಅಂಕೆಯನ್ನು ಕಾನೂನಿನೊಳಕ್ಕೆ ಮೊದಲು ತಂದುದು ನಾರ್ವೆ. 1936ರಲ್ಲಿ ಆ ದೇಶವು ನೂರು ಮಿಲಿಲೀಟರು ರಕ್ತದಲ್ಲಿ 50 ಮಿಲಿಗ್ರಾಂಗೆ ಮೀರಿದ ಮದ್ಯಸಾರದೊಡನೆ ವಾಹನ ನಡೆಸುವುದೇ ಅಪರಾಧವೆಂದು ಸಾರಿತು. ಚಾಲಕನು ತೂರಾಡಿದನೆ, ಅಪಘಾತವಾಯಿತೆ ಎಂಬುದನ್ನು ಕೇಳಬೇಕಾದುದಿಲ್ಲ. ಅಂಕೆ ಮೀರಿದರೆ ಸಾಕು. ಸ್ವೀಡನ್ 1941ರಲ್ಲಿ 80ರ ಮಿತಿಯನ್ನು ತಂದು, ಮುಂದೆ ಅದನ್ನು 50ಕ್ಕೂ 1990ರಲ್ಲಿ 20ಕ್ಕೂ ಇಳಿಸಿತು. ಒಬ್ಬ ಮನುಷ್ಯನ ನಡತೆಯನ್ನು ನೋಡದೆ ಬರಿಯ ಅಂಕೆಯಿಂದ ಆತನನ್ನು ಅಪರಾಧಿಯೆನ್ನುವುದು ನ್ಯಾಯವೇ ಎಂಬ ತರ್ಕ ಬೇರೆ ದೇಶಗಳಲ್ಲಿ ಬಹುಕಾಲ ನಡೆಯಿತು. ತಕ್ಕಡಿಯ ಬಟ್ಟು ಕಡಿಮೆಯಿದ್ದರೆ ವರ್ತಕನ ಮುಖಚರ್ಯೆಯನ್ನು ಯಾರೂ ನೋಡುವುದಿಲ್ಲ. ಇಲ್ಲಿ ಮಾತ್ರ ಏಕೆ ನೋಡಬೇಕೆಂಬುದು ನಮ್ಮ ಪ್ರಶ್ನೆ.

ಅಮೆರಿಕದವರು ರಕ್ತವನ್ನು ಬಿಟ್ಟು ಉಸಿರಿನ ಬೆನ್ನು ಹತ್ತಿದರು. ರಕ್ತ ತೆಗೆಯಲು ವೈದ್ಯರು ಬೇಕು, ಸೂಜಿ ಬೇಕು. ಉಸಿರಿಗೆ ಇವು ಬೇಡ. ಶ್ವಾಸಕೋಶದೊಳಗೆ ರಕ್ತವೂ ಗಾಳಿಯೂ ಒಂದರ ಪಕ್ಕದಲ್ಲೊಂದು ಇರುವುದರಿಂದ, ರಕ್ತದಲ್ಲಿರುವ ಮದ್ಯಸಾರವು ಒಂದು ನಿಯತವಾದ ಪ್ರಮಾಣದಲ್ಲಿ ಗಾಳಿಗೂ ಸೇರುತ್ತದೆ. 2,100 ಭಾಗ ಉಸಿರಿನಲ್ಲಿರುವಷ್ಟು ಮದ್ಯಸಾರವು ಒಂದು ಭಾಗ ರಕ್ತದಲ್ಲಿರುತ್ತದೆಂದು ಎಣಿಸಲಾಯಿತು. ಇಂಡಿಯಾನಾ ವಿಶ್ವವಿದ್ಯಾನಿಲಯದ ರೋಲಾ ಹಾರ್ಗರ್ 1930ರ ದಶಕದಲ್ಲಿ ರಚಿಸಿದ 'ಡ್ರಂಕೋಮೀಟರು' ಎಂಬ ಸಾಧನದಲ್ಲಿ, ಬಲೂನಿನೊಳಕ್ಕೆ ಊದಿದ ಉಸಿರನ್ನು ನೇರಿಳೆ ಬಣ್ಣದ ಪರ್ಮಾಂಗನೇಟು ದ್ರವದ ಮೂಲಕ ಹಾಯಿಸುತ್ತಿದ್ದರು. ಮದ್ಯವಿದ್ದರೆ ನೇರಿಳೆ ಮಾಸುವುದು. ಅದೇ ಪ್ರಾಂತದ ಪೊಲೀಸು ಇಲಾಖೆಯಲ್ಲಿದ್ದ ರಾಬರ್ಟ್ ಬೋರ್ಕೆನ್‌ಸ್ಟೈನ್ 1954ರಲ್ಲಿ ಇದಕ್ಕಿಂತ ಸುಲಭವಾದ 'ಬ್ರೆತಲೈಸರು' ಎಂಬ ಯಂತ್ರವನ್ನು ಮಾಡಿದನು. ಅದರೊಳಗಿದ್ದುದು ವಿಡ್‌ಮಾರ್ಕನ ಹಳೆಯ ಸಂಗಾತಿಯಾದ ಡೈಕ್ರೋಮೇಟೇ. ಅದರ ಬಣ್ಣ ಎಷ್ಟು ತಿಳಿಯಾಯಿತೆಂಬುದನ್ನು ಬೆಳಕಿನಿಂದ ಅಳೆಯುವ ಏರ್ಪಾಡು ಮಾತ್ರ ಹೊಸದು.

ಸಾಧನ ಸಿದ್ಧವಾದ ಮೇಲೆ, 1904ರಲ್ಲಿ ನಿಂತುಹೋಗಿದ್ದ ತೂಕವನ್ನು ಪೂರೈಸಲು ಸಾಧ್ಯವಾಯಿತು. ಇಲಿನಾಯ್ ಪ್ರಾಂತದ ಇವಾನ್‌ಸ್ಟನ್ ಊರಿನಲ್ಲಿ ಹೋಲ್‌ಕೂಂಬ್ ಎಂಬಾತನು ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಗೆ ಬಂದ 270 ಚಾಲಕರನ್ನೂ ರಸ್ತೆಯಲ್ಲಿ ಸುಮ್ಮನೆ ಹೋಗುತ್ತಿದ್ದ 1,750 ಚಾಲಕರನ್ನೂ ಪರೀಕ್ಷಿಸಿ 1938ರಲ್ಲಿ ಫಲಿತಾಂಶವನ್ನು ಪ್ರಕಟಿಸಿದನು. ಗಾಯಗೊಂಡವರಲ್ಲಿ ನೂರಕ್ಕೆ ಸುಮಾರು 47 ಮಂದಿಯ ದೇಹದಲ್ಲಿ ಮದ್ಯಸಾರವಿದ್ದಿತು. ಸುಮ್ಮನೆ ಹೋಗುತ್ತಿದ್ದವರಲ್ಲಿ ನೂರಕ್ಕೆ 12 ಮಂದಿಯಲ್ಲಿ. ಬೋರ್ಕೆನ್‌ಸ್ಟೈನ್ ಮತ್ತು ಸಂಗಡಿಗರು 1962-63ರಲ್ಲಿ ಮಿಚಿಗನ್ ಪ್ರಾಂತದ ಗ್ರಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಇದನ್ನೇ ಬಹು ದೊಡ್ಡದಾಗಿ ಮಾಡಿದರು. ಅಪಘಾತಕ್ಕೆ ಸಿಕ್ಕ 5,985 ಚಾಲಕರು ಒಂದು ಕಡೆ; ಅಪಘಾತಗಳು ನಡೆಯುವ ಸ್ಥಳಗಳಲ್ಲಿಯೇ ನಿಲ್ಲಿಸಿ ಪರೀಕ್ಷಿಸಿದ 7,590 ಮಂದಿ ಇತರರು ಇನ್ನೊಂದು ಕಡೆ. 50 ಮಿಲಿಗ್ರಾಂ ದಾಟುತ್ತಲೇ ಅಪಾಯವು ಸ್ಪಷ್ಟವಾಗಿ ಏರತೊಡಗುವುದು, 100ಕ್ಕೆ ಮುಟ್ಟಿದಾಗ ಅದು ಆರೇಳು ಪಟ್ಟಾಗುವುದು, 150ರಲ್ಲಿ ಇಪ್ಪತ್ತೈದು ಪಟ್ಟಿನವರೆಗೆ ಹೋಗುವುದು ಎಂಬುದು ಅವರು ಕಂಡ ಫಲ.

ಈ ಅಧ್ಯಯನದಲ್ಲೊಂದು ಸೋಜಿಗವೂ ಇದ್ದಿತು. ಬಹು ಸ್ವಲ್ಪ, ಎಂದರೆ 10ರಿಂದ 40 ಮಿಲಿಗ್ರಾಂವರೆಗೆ ಇದ್ದವರು ಏನೂ ಕುಡಿಯದವರಿಗಿಂತಲೂ ಕಡಿಮೆ ಅಪಘಾತ ಮಾಡಿದಂತೆ ಕೋಷ್ಟಕದಲ್ಲಿ ಕಂಡಿತು! ಮದ್ಯಪ್ರಿಯರು ಇದನ್ನು ಹಿಡಿದುಕೊಂಡು ಸಂತೋಷಪಟ್ಟರು. ಮುಂದೆ ವಿದ್ವಾಂಸರು ಅದೇ ಅಂಕೆಗಳನ್ನು ಬಿಡಿಸಿ ನೋಡಿದಾಗ ಗುಟ್ಟು ಬಯಲಾಯಿತು. ಆ ಗುಂಪಿನಲ್ಲಿದ್ದವರು ಬಹುಮಟ್ಟಿಗೆ ನಡುವಯಸ್ಸಿನ ನುರಿತ ಚಾಲಕರು. ಏನೂ ಕುಡಿಯದವರ ಗುಂಪಿನಲ್ಲಿ ಎಳೆಯರೂ ಮುದುಕರೂ ಹೆಚ್ಚಾಗಿದ್ದರು. ಕುಡಿಯುವ ರೂಢಿ ಒಂದೇ ಬಗೆಯಾದವರನ್ನು ತಮ್ಮತಮ್ಮಲ್ಲೇ ಹೋಲಿಸಿದರೆ ಆ ಲಾಭ ಮಾಯವಾಗಿ, ಮದ್ಯ ಏರಿದಂತೆ ಅಪಾಯವೂ ಏರುತ್ತಿದ್ದಿತು. ಚರಿತ್ರೆ ಓದುವ ವಿದ್ಯಾರ್ಥಿಗಳು ಅಂಕೆಯನ್ನು ನಂಬುವುದರ ಜೊತೆಗೆ ಅದನ್ನು ಕೇಳುವುದನ್ನೂ ಕಲಿಯಬೇಕೆಂಬುದಕ್ಕಾಗಿ ಇದನ್ನು ಇಲ್ಲಿ ಹೇಳಿದೆವು.

ಬ್ರಿಟನ್ ಎಚ್ಚತ್ತುದು 1967ರಲ್ಲಿ. ತಾನು ವಾಹನ ನಡೆಸಲು ಅರಿಯದ ಬಾರ್ಬರಾ ಕ್ಯಾಸಲ್ ಎಂಬ ಮಹಿಳೆ ಆಗ ಸಾರಿಗೆ ಮಂತ್ರಿಣಿ. ಹೆಂಗಸಿಗೇನು ಗೊತ್ತೆಂದು ಬೈಯುವವರ ನಡುವೆ ಆಕೆ 80 ಮಿಲಿಗ್ರಾಂನ ಮಿತಿಯನ್ನೂ ರಸ್ತೆಯಲ್ಲಿಯೇ ಉಸಿರಿನ ಪರೀಕ್ಷೆಯನ್ನೂ ತಂದಳು. ಅಕ್ಟೋಬರು 9ರಿಂದ ಅದು ಜಾರಿಗೆ ಬಂದಿತು. ಮೊದಲ ವರ್ಷದಲ್ಲಿ ರಸ್ತೆಯ ಸಾವುಗಳು 1,152ರಷ್ಟು ಕಡಿಮೆಯಾದುವು. ಅದರಲ್ಲಿಯೂ ರಾತ್ರಿ ಹೊತ್ತಿನ ಸಾವುಗಳು ಬಹಳವಾಗಿ ಇಳಿದುವು. ಆದರೆ ಕೆಲವೇ ವರ್ಷಗಳಲ್ಲಿ ಆ ಫಲ ಕರಗುತ್ತ ಬಂದಿತು. ಅಮೆರಿಕದ ಸಮಾಜಶಾಸ್ತ್ರಜ್ಞನಾದ ಲಾರೆನ್ಸ್ ರಾಸ್ ಇದರ ಕಾರಣವನ್ನು ಪರಿಶೀಲಿಸಿದನು. ಮೊದಮೊದಲು ತಮ್ಮನ್ನು ಖಂಡಿತವಾಗಿ ಹಿಡಿಯುವರೆಂದು ಜನರು ಹೆದರಿದ್ದರು. ಹಿಡಿಯುವುದು ಅಪರೂಪವೆಂಬುದನ್ನು ಅನುಭವದಿಂದ ಕಲಿತ ಮೇಲೆ ಹೆದರಿಕೆ ಹೋಯಿತು. ಕಾನೂನಿನ ಅಕ್ಷರ ಬದಲಾಗಿರಲಿಲ್ಲ, ಶಿಕ್ಷೆಯೂ ಕಡಿಮೆಯಾಗಿರಲಿಲ್ಲ. ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತವು 1976ರಲ್ಲಿಯೂ ನ್ಯೂ ಸೌತ್ ವೇಲ್ಸ್ 1982ರ ಕೊನೆಯಲ್ಲಿಯೂ ಯಾವ ಸಂಶಯವೂ ಇಲ್ಲದೆ ಯಾವ ಚಾಲಕನನ್ನಾದರೂ ನಿಲ್ಲಿಸಿ ಊದಿಸುವ ಕ್ರಮವನ್ನು ಆರಂಭಿಸಿದ್ದು ಈ ದೋಷಕ್ಕೆ ಪರಿಹಾರವಾಗಿ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಲ್ಲಿ ಕಥೆ ಬೇರೊಂದು ದಾರಿ ಹಿಡಿಯಿತು. ಅದರಲ್ಲಿ ಗಡಿನಾಡ ಕನ್ನಡಿಗರಾದ ನಮ್ಮ ಪಾಲೂ ಉಂಟು. 1937ರ ಅಕ್ಟೋಬರು 1ರಂದು ರಾಜಾಜಿಯವರ ಮಂತ್ರಿಮಂಡಲವು ಮದರಾಸು ಪ್ರಾಂತದಲ್ಲಿ ಪಾನನಿರೋಧವನ್ನು ಮೊದಲು ಜಾರಿಗೆ ತಂದುದು ಸೇಲಂ ಜಿಲ್ಲೆಯಲ್ಲಿ. ಹೊಸೂರು ಆಗ ಸೇಲಂ ಜಿಲ್ಲೆಯ ತಾಲೂಕು. ಹೀಗೆ ಹೊಸೂರಿನ ಕನ್ನಡಿಗನು ಪ್ರಾಂತದ ಮಿಕ್ಕವರಿಗಿಂತ ಮೊದಲೇ ಪಾನನಿರೋಧಕ್ಕೆ ಒಳಪಟ್ಟನು. ಕೆಲವೇ ಮೈಲಿ ಆಚೆಯ ಮೈಸೂರು ಸಂಸ್ಥಾನದಲ್ಲಿ ಅಂಥ ಕಟ್ಟು ಆಗ ಇರಲಿಲ್ಲ. ಯುದ್ಧಕಾಲದಲ್ಲಿ ತಡೆದು ನಿಂತ ಪಾನನಿರೋಧವು 1948ರ ಗಾಂಧಿ ಜಯಂತಿಯ ದಿನ ಮದರಾಸು ಪ್ರಾಂತಕ್ಕೆಲ್ಲ ಹಬ್ಬಿತು. ಮುಂಬಯಿ ಪ್ರಾಂತವು 1949ರಲ್ಲಿ ತನ್ನ ಶಾಸನವನ್ನು ಮಾಡಿತು. ನಕ್ಷೆಯನ್ನು ಬಿಚ್ಚಿ ನೋಡಿದರೆ, ಕಾಸರಗೋಡು, ವಯನಾಡು, ನೀಲಗಿರಿ, ತಾಳವಾಡಿ, ಹೊಸೂರು, ಮಡಕಶಿರಾ, ರಾಯದುರ್ಗ, ಆದವಾನಿ ಇವೆಲ್ಲ ಆಗ ಮದರಾಸಿನಲ್ಲಿದ್ದುವು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಇವು ಮುಂಬಯಿಯಲ್ಲಿದ್ದುವು. ಪೋರ್ಚುಗೀಸರ ಗೋವೆಯನ್ನೂ ಹೈದರಾಬಾದು ಸಂಸ್ಥಾನವನ್ನೂ ಬಿಟ್ಟರೆ, ಕಳ್ಳೆನ್ನುವ ಕಾಸರಗೋಡಿನವನೂ ಹೆಂಡವೆನ್ನುವ ಬಯಲುಸೀಮೆಯವನೂ ಸಿಂದಿಯೆನ್ನುವ ಸೊಲ್ಲಾಪುರದವನೂ ಒಂದೇ ಬಗೆಯ ಕಾನೂನಿನ ಕೆಳಗೆ ಬಂದರು. ಭಾಷೆಯ ವಿಷಯದಲ್ಲಿ ದೊರೆಯದ ಐಕ್ಯವು ಪಾನನಿರೋಧದಲ್ಲಿ ದೊರೆತುದು ವಿಧಿಯ ವಿನೋದವೇ ಸರಿ.

ಆ ಆಂದೋಲನದ ಹಿಂದಿದ್ದ ಕಳಕಳಿಯನ್ನು ನಾವು ಗೌರವಿಸುತ್ತೇವೆ. ಕೂಲಿಕಾರರ ಮನೆಯೊಲೆಗಳನ್ನು ಉರಿಯಿಸಬೇಕೆಂಬುದು ಅದರ ಆಶಯವಾಗಿದ್ದಿತು. ಆದರೆ ಅದರ ದೃಷ್ಟಿಯಿದ್ದುದು ಸಂಸಾರದ ಮೇಲೆ, ರಸ್ತೆಯ ಮೇಲಲ್ಲ. ಕುಡಿಯುವುದೇ ಅಪರಾಧವಾದಾಗ, ಎಷ್ಟು ಕುಡಿದವನು ವಾಹನ ಮುಟ್ಟಬಾರದೆಂಬ ಪ್ರಶ್ನೆ ಏಳುವುದೇ ಇಲ್ಲ. ನಾರ್ವೆಯವರು ಅಂಕೆಯನ್ನು ಬರೆದ ಮೂರು ವರ್ಷಕ್ಕೆ, 1939ರಲ್ಲಿ, ನಮ್ಮಲ್ಲಿ ಮೋಟಾರು ವಾಹನ ಶಾಸನವಾಯಿತು. ಅದರ 117ನೆಯ ಕಲಮು ಬ್ರಿಟನ್ನಿನ 1930ರ ಮಾತನ್ನೇ ಎತ್ತಿಕೊಂಡು, ವಾಹನದ ಮೇಲೆ ತಕ್ಕ ಹತೋಟಿಯಿಡಲಾರದಷ್ಟು ಅಮಲಿನಲ್ಲಿರುವವನನ್ನು ದಂಡಿಸಿತು. ಅಂಕೆಯಿಲ್ಲ, ಯಂತ್ರವಿಲ್ಲ, ಮತ್ತೆ ಕಣ್ಣು, ಮೂಗು. ಪಾನನಿರೋಧವನ್ನು ಪ್ರಾಂತಗಳು ಒಂದೊಂದಾಗಿ ಸಡಿಲಿಸಿದುವು. ತಮಿಳುನಾಡು 1971ರಲ್ಲಿ ಸಡಿಲಿಸಿತು, ಮತ್ತೆ ಬಿಗಿ ಮಾಡಿತು, ಮತ್ತೆ ಸಡಿಲಿಸಿತು. ಅಂಗಡಿಗಳು ತೆರೆದುವು, ಲಾರಿಗಳು ಹೆಚ್ಚಿದುವು, ರಸ್ತೆಗಳು ಹಿಗ್ಗಿದುವು. 117ನೆಯ ಕಲಮಿನೊಳಕ್ಕೆ ಮಾತ್ರ ಅಂಕೆ ಬರಲಿಲ್ಲ.

ಅಂಕೆ ಬಂದುದು ಅರ್ಧ ಶತಮಾನದ ಮೇಲೆ. 1988ರ ಹೊಸ ಶಾಸನದ 185ನೆಯ ಕಲಮು ಮೊದಲು ಅತಿ ಬಿಗಿಯಾಗಿ, ರಕ್ತದಲ್ಲಿ ಎಷ್ಟೇ ಅಲ್ಪವಾದ ಮದ್ಯವಿದ್ದರೂ ಅಪರಾಧವೆಂದಿತು. 1994ರ ತಿದ್ದುಪಡಿಯು ಅದನ್ನು ತೆಗೆದು, ಉಸಿರಿನ ಪರೀಕ್ಷೆಯಲ್ಲಿ ಕಂಡುಬಂದಂತೆ ನೂರು ಮಿಲಿಲೀಟರು ರಕ್ತದಲ್ಲಿ 30 ಮಿಲಿಗ್ರಾಂ ಮೀರಕೂಡದೆಂದು ನಿಯಮಿಸಿತು. ಬ್ರಿಟನ್ನಿನ 80ಕ್ಕೂ 1936ರ ನಾರ್ವೆಯ 50ಕ್ಕೂ ಇದು ಕಡಿಮೆ. ಕಾಗದದ ಮೇಲೆ ನಮ್ಮದು ಲೋಕದ ಬಿಗಿಯಾದ ಕಾನೂನುಗಳಲ್ಲೊಂದು. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಸೆರೆವಾಸ. ಎರಡು ಸಾವಿರವಿದ್ದ ದಂಡವು 2019ರ ತಿದ್ದುಪಡಿಯಿಂದ ಹತ್ತು ಸಾವಿರ ರೂಪಾಯಿಯಾಯಿತು.

ಈ ಮಿತಿ ಏಕಿಷ್ಟು ಕಡಿಮೆಯೆಂದು ಕೇಳುವವರುಂಟು. ತಾಳವಾಡಿಯ ಕಡೆಯವರು ಬಣ್ಣಾರಿಯಿಂದ ದಿಂಬಂಗೆ ಏರುವ ಘಾಟಿಯನ್ನು ನೆನೆದರೆ ಸಾಕು. ಅಲ್ಲಿ 27 ಕಡಿದಾದ ತಿರುವುಗಳಿವೆ. ಗಂಟೆಗೆ 40 ಕಿಲೋಮೀಟರು ವೇಗದ ಬಂಡಿಯು ಒಂದು ಸೆಕೆಂಡಿನಲ್ಲಿ 11 ಮೀಟರು ಹೋಗುತ್ತದೆ. ಕಂಡುದನ್ನು ಕಾಲು ಬ್ರೇಕಿಗೆ ತಿಳಿಸಲು ಅರ್ಧ ಸೆಕೆಂಡು ತಡವಾದರೆ ಐದೂವರೆ ಮೀಟರು ಕೈತಪ್ಪಿತು. ಆ ತಿರುವುಗಳಲ್ಲಿ ಐದೂವರೆ ಮೀಟರೆಂದರೆ ರಸ್ತೆಗೂ ಕಣಿವೆಗೂ ಇರುವ ಅಂತರ. ಇದಕ್ಕಿಂತಲೂ ಕೆಟ್ಟುದು ಮತ್ತೊಂದು: ಮದ್ಯವು ಕೈಕಾಲಿಗಿಂತ ಮೊದಲು ವಿವೇಚನೆಯನ್ನು ಮುಟ್ಟುತ್ತದೆ. ಕುಡಿದವನಿಗೆ ತಾನು ಎಂದಿಗಿಂತ ಚೆನ್ನಾಗಿ ಬಂಡಿ ನಡೆಸುತ್ತಿದ್ದೇನೆಂದು ತೋರುವುದು ಆದುದರಿಂದಲೇ.

ನಮ್ಮ ನ್ಯಾಯಾಲಯಗಳು ಈ ಶತಮಾನದಲ್ಲಿ ಎರಡು ದೊಡ್ಡ ಹೆಜ್ಜೆಗಳನ್ನಿಟ್ಟುವು. 2006ರ ನವೆಂಬರಿನ ಒಂದು ಬೆಳಗಿನ ಜಾವ ಮುಂಬಯಿಯ ಬಾಂದ್ರಾದಲ್ಲಿ ಕಾರೊಂದು ಪಾದಚಾರಿ ಪಥದ ಮೇಲೆ ಹತ್ತಿ, ಅಲ್ಲಿ ಮಲಗಿದ್ದ ರಸ್ತೆ ಕೆಲಸದ ಕೂಲಿಕಾರರಲ್ಲಿ ಏಳು ಮಂದಿಯನ್ನು ಕೊಂದಿತು. ಚಾಲಕನ ರಕ್ತದಲ್ಲಿ 112 ಮಿಲಿಗ್ರಾಂ ಮದ್ಯಸಾರವಿದ್ದಿತು. ಇದು ಬರಿಯ ಅಜಾಗರೂಕತೆಯಲ್ಲ, ಸಾವು ಸಂಭವಿಸಬಹುದೆಂಬ ತಿಳಿವಿನಿಂದ ಮಾಡಿದ ನರಹತ್ಯೆಯೆಂಬ ತೀರ್ಪನ್ನು ಸರ್ವೋಚ್ಚ ನ್ಯಾಯಾಲಯವು 2012ರ ಜನವರಿಯಲ್ಲಿ ಎತ್ತಿಹಿಡಿಯಿತು. ಇನ್ನೊಂದು ತಮಿಳುನಾಡಿನಿಂದ ಹೋದ ಮೊಕದ್ದಮೆ. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಕೂಡದೆಂದು 2016ರ ಡಿಸೆಂಬರು 15ರಂದು ಆಜ್ಞೆಯಾಯಿತು. ಮುಂದೆ ಅದನ್ನು ಚಿಕ್ಕ ಊರುಗಳಿಗೆ 220 ಮೀಟರಿಗೆ ಇಳಿಸಲಾಯಿತು. 2017ರ ಜುಲೈಯಲ್ಲಿ ನಗರಗಳೊಳಗಿನ ಅಂಗಡಿಗಳಿಗೆ ಅದು ತಡೆಯಲ್ಲವೆಂದು ಸ್ಪಷ್ಟಪಡಿಸಲಾಯಿತು. ಕೆಲವು ಸರ್ಕಾರಗಳು ಹೆದ್ದಾರಿಯ ಹೆಸರನ್ನೇ ಬದಲಾಯಿಸಿ ಊರ ರಸ್ತೆಯನ್ನಾಗಿ ಮಾಡಿದುವು. ಕೇರಳದ ಪರವೂರಿನ ಅಂಗಡಿಯೊಂದು ಇದ್ದಲ್ಲಿಯೇ ಇದ್ದು, ಬಾಗಿಲ ಮುಂದೆ ಚಕ್ರವ್ಯೂಹದಂತೆ ಸುತ್ತು ದಾರಿಯನ್ನು ಕಟ್ಟಿ ಅಂತರವನ್ನು ಹೆಚ್ಚಿಸಿಕೊಂಡಿತು. ಅಳತೆಯೆಂದರೆ ಮನುಷ್ಯನಿಗೆ ಇಷ್ಟು ಭಯ, ಇಷ್ಟು ಜಾಣತನ!

ಕೊನೆಗೆ ಒಂದು ಲೆಕ್ಕ. ಕೇಂದ್ರ ಸರ್ಕಾರದ ವರದಿಯಂತೆ 2022ರಲ್ಲಿ ನಮ್ಮ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಇವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವುಗಳಿಗೆ ಅತಿವೇಗವೇ ಕಾರಣವೆಂದು ಬರೆಯಲಾಗಿದೆ. ಕುಡಿತದ ಹೆಸರಿನಲ್ಲಿ ಬರೆದುದು ನೂರಕ್ಕೆ ಮೂರನ್ನೂ ಮುಟ್ಟುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರು ಆಸ್ಪತ್ರೆಗೆ ಬಂದ ಗಾಯಾಳುಗಳನ್ನು ಪರೀಕ್ಷಿಸಿದಾಗ ಮದ್ಯದ ಪಾಲು ಪೊಲೀಸರ ದಾಖಲೆಗಿಂತ ಬಹಳ ಹೆಚ್ಚಾಗಿ ಕಂಡುಬಂದಿತು. ಈ ಅಂತರ ಹೇಗೆ ಹುಟ್ಟುವುದೆಂಬುದನ್ನು ವಿಡ್‌ಮಾರ್ಕನ ಲೆಕ್ಕವೇ ಹೇಳುತ್ತದೆ. ಘಾಟಿಯಲ್ಲಿ ರಾತ್ರಿ ಹನ್ನೊಂದಕ್ಕೆ ಲಾರಿ ಉರುಳಿತು. ರಕ್ತದಲ್ಲಿ 80 ಮಿಲಿಗ್ರಾಂ ಇದ್ದ ಚಾಲಕನು ಗಾಯಗೊಂಡನು. ಯಾರೋ ಕಂಡು, ಯಾರಿಗೋ ತಿಳಿಸಿ, ವಾಹನ ಬಂದು, ಗಡಿ ದಾಟಿ ದೊಡ್ಡ ಆಸ್ಪತ್ರೆಗೆ ಸೇರುವಾಗ ಮೂರು ಗಂಟೆ. ಜೀವ ಉಳಿಸುವ ಗಡಿಬಿಡಿಯಲ್ಲಿ ರಕ್ತದ ಮಾದರಿ ತೆಗೆಯುವಾಗ ನಾಲ್ಕು. ಐದು ಗಂಟೆಯಲ್ಲಿ 75 ಕರಗಿ ಉಳಿದುದು 5. ಮಾದರಿಯನ್ನು ತೆಗೆಯದೆಯೇ ಹೋದರೆ ಅದೂ ಇಲ್ಲ. ಬೆಳಗ್ಗೆ ಠಾಣೆಯಲ್ಲಿ ನಮೂನೆಯನ್ನು ತುಂಬುವ ಪೇದೆಯು 'ಅಪಘಾತದ ಕಾರಣ' ಎಂಬ ಅಂಕಣದ ಎದುರು 'ಅತಿವೇಗ' ಎಂದು ಬರೆಯುತ್ತಾನೆ.